ಅವ್ವ ಝರಾಸಂಗಮಕ್ಕೆ ಹೋಗಿಲ್ಲ

ನಮ್ಮಕ್ಕನ ಎದುರಿಗೇ ಕೂತು ಜನ ನಮ್ಮಕ್ಕನ ಬಗ್ಗೆ ಮಾತಾಡುತ್ತಿದ್ದರು. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. "ಪಾಪ, ಆಕಿಗಿ ಏನೂ ನೆಪ್ಪ ಇರಂಗಿಲ್ರಿ" ಅನ್ನುವುದು, ಆಮೇಲೆ ಆಕೆಯ ಮಗ್ಗುಲಲ್ಲೇ ಚಹಾ ಕುಡಿಯುತ್ತ ಆಕೆಯ ಮುಂದಿನ ಬದುಕನ್ನು ತೀರ್ಮಾನ ಮಾಡುವುದು. ನಾಳೆ ಮರೆತುಬಿಡುವವರಿಗೆ ಇವತ್ತು ನೋವಾಗುವುದಿಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರೋ!

ನಾವು ಗಡಿಯಾಚೆ ತೆಲುಗು ಸೀಮೆಗೆ ಸೇರಿದ ನಾರಾಯಣಖೇಡದವರು. ಕೊರಳಲ್ಲಿ ಲಿಂಗ, ಊರ ಹೊರಗೆ ಹೊಲ, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು. ಹೊಲ ನೋಡಿಕೊಂಡು ಅಣ್ಣ ಅಲ್ಲೇ ಉಳಿದ. ಅಕ್ಕನನ್ನು ತಾಂಡೂರಿನ ತೊಗರಿ ವ್ಯಾಪಾರದ ಮನೆಗೆ ಕೊಟ್ಟರು. ನಾನು ಗಂಡನೊಡನೆ ಜಹೀರಾಬಾದಿನಲ್ಲಿ ಸಂಸಾರ ಹೂಡಿ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮೂವರಲ್ಲಿ ಅಕ್ಕನೇ ಗಟ್ಟಿಗಿತ್ತಿ. ಬಸ್ಸಿನಲ್ಲಿ ಸೀಟಿಗಾಗಿ ಜಗಳ ತೆಗೆದು, ಸೀಟು ಸಿಕ್ಕ ಮೇಲೆ ಜಗಳವಾಡಿದವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಡಬ್ಬಿ ಬಿಚ್ಚಿ ರೊಟ್ಟಿ ಕೊಡುವಂಥವಳು. ಆಕೆ ನಕ್ಕರೆ ಓಣಿಯ ಆಚೆ ತುದಿಗೂ ಕೇಳಿಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ಆಕೆಗೆ ಜ್ವರ ಬಂತು. ಸಾದಾ ಜ್ವರ ಎಂದುಕೊಂಡರು. ತಲೆನೋವು, ವಾಂತಿ, ಆಮೇಲೆ ಸಂಬಂಧವಿಲ್ಲದ ಮಾತು, ಕೊನೆಗೆ ಫಿಟ್ಸ್. ಹೈದರಾಬಾದಿಗೆ ಒಯ್ಯುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಮಿದುಳಿಗೆ ವೈರಸ್ ಸೋಂಕು ಅಂದರು. ಆಕೆ ಅಲ್ಲಿ ಐಸಿಯುವಿನಲ್ಲಿ ಮಲಗಿದ್ದಾಗಲೇ ಇತ್ತ ನಾರಾಯಣಖೇಡದಲ್ಲಿ ಅವ್ವ ತೀರಿಕೊಂಡಳು. ಬೆಳಿಗ್ಗೆ ಪೂಜೆಗೆ ಕೂತವಳು ಕೂತಲ್ಲೇ ಪಕ್ಕಕ್ಕೆ ವಾಲಿದಳಂತೆ. ನಮ್ಮ ಪದ್ಧತಿಯಂತೆ ಹೊಲದಲ್ಲೇ, ಬೇವಿನ ಗಿಡದ ಹತ್ತಿರ ಮಣ್ಣು ಮಾಡಿದರು. ನಾನು ಹೈದರಾಬಾದಿನಿಂದ ಓಡಿಬಂದು ಒಂದು ಹಿಡಿ ಮಣ್ಣು ಹಾಕಿ ಮತ್ತೆ ಅಕ್ಕನ ಹತ್ತಿರ ಓಡಿದೆ.

ಅಕ್ಕ ಉಳಿದಳು. ನಮ್ಮನ್ನೆಲ್ಲ ಗುರುತಿಸಿದಳು. ಬಾಲ್ಯ, ಮದುವೆ, ಮಗಳು ಹುಟ್ಟಿದ್ದು, ಎಲ್ಲ ಇದ್ದ ಹಾಗೇ ಇತ್ತು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಬೇಯುವಷ್ಟು ಹೊತ್ತು ಇರುತ್ತಿತ್ತು, ಆಮೇಲೆ ಹೋಗುತ್ತಿತ್ತು. ಎದ್ದು ಕೂತವಳು ಮೊದಲು ಕೇಳಿದ್ದೇ, "ಅವ್ವ ಬಂದಿಲ್ಲೇನು ನನ್ನ ನೋಡಾಕ?"

ಅಣ್ಣ ನನ್ನ ಮುಖ ನೋಡಿದ. ಭಾವ ನೆಲ ನೋಡಿದರು. "ಅವ್ವ ಝರಾಸಂಗಮಕ್ಕ ಹೋಗ್ಯಾಳ, ನಿನ್ನ ಸಲುವಾಗಿ ಹರಕಿ ಹೊತ್ತಾಳ. ಬರ್ತಾಳ" ಅಂದ ಅಣ್ಣ.

ಆ ದಿನ ನಾನೂ ಸುಮ್ಮನಿದ್ದೆ. ಮೂಗಿನಲ್ಲಿ ನಳಿಗೆ ಇಟ್ಟುಕೊಂಡವಳಿಗೆ ಇನ್ನೇನು ಹೇಳುವುದು? ಆದರೆ ಆ ಸುಳ್ಳು ಮನೆಗೆ ಬಂದ ಮೇಲೂ ಮುಂದುವರಿಯಿತು. ತಾಂಡೂರಿನಲ್ಲಿ ಕೆಲಸದವಳಿಂದ ಹಿಡಿದು ನೆಂಟರವರೆಗೆ ಎಲ್ಲರೂ ಅದನ್ನೇ ಕಲಿತರು. ಅಕ್ಕ ಕೇಳಿದರೆ ಸಾಕು, "ಝರಾಸಂಗಮಕ್ಕ ಹೋಗ್ಯಾರ." ಕೆಲವರಂತೂ ನಗುನಗುತ್ತ ಹೇಳುತ್ತಿದ್ದರು. ಝರಾಸಂಗಮ ನಮ್ಮೂರಿಗೆ ಹತ್ತಿರದ್ದೇ, ಅಲ್ಲಿನ ಗುಡಿಗೆ ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ತಿರುಗಿ ಬರುತ್ತಾರೆ. ನಮ್ಮವ್ವ ಮಾತ್ರ ಅಲ್ಲೇ ಕೂತಿದ್ದಳು.

ಆಸ್ಪತ್ರೆಯಿಂದ ಬಿಡುವ ದಿನ ವೈದ್ಯರೊಬ್ಬರು ವರಾಂಡದಲ್ಲಿ ನಡೆಯುತ್ತಲೇ ಭಾವನವರಿಗೆ ಹೇಳಿದ್ದರು, ಮಿದುಳಿನ ಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹೋದದ್ದು ಹೋಯಿತು, ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ ಅಂತ. ನಿಂತು ಹೇಳುವಷ್ಟು ಪುರಸೊತ್ತೂ ಅವರಿಗಿರಲಿಲ್ಲ. ಆ ಒಂದು ಮಾತು ತಾಂಡೂರಿನ ಮನೆಯಲ್ಲಿ ಕಾನೂನಾಯಿತು. ಒಮ್ಮೆ ಅಕ್ಕ ಗ್ಯಾಸು ಹಚ್ಚಿ ಮರೆತಳೆಂದು ಅಡುಗೆಮನೆ ಬಂದಾಯಿತು. ಒಮ್ಮೆ ಓಣಿ ತಪ್ಪಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಕಡೆ ಹೋದಳೆಂದು ಬಾಗಿಲು ಬಂದಾಯಿತು. ಹಿತ್ತಲ ಕಡೆಯ ಖೋಲಿಯಲ್ಲಿ ಒಂದು ಮಂಚ, ಒಂದು ಟಿವಿ. ಊಟ ಅಲ್ಲಿಗೇ. ಭಾವ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ತಮ್ಮ ಕೈಯಾರೆ ಆಕೆಗೆ ಮಾತ್ರೆ ಕೊಡುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಆದರೆ ಜೀವಂತ ಹೆಂಗಸನ್ನು ಬೆಲೆಬಾಳುವ ಸಾಮಾನಿನ ಹಾಗೆ ಒಳಗಿಟ್ಟು ಬೀಗ ಹಾಕಿದರು.

ತಿಂಗಳುಗಳ ಮೇಲೆ ಮತ್ತೆ ಹೈದರಾಬಾದಿಗೆ ತೋರಿಸಲು ಹೋದಾಗ ನಾನೂ ಹೋಗಿದ್ದೆ. ನೆನಪಿನ ಪರೀಕ್ಷೆ ಮಾಡುವ ಹುಡುಗಿ ಒಬ್ಬಳಿದ್ದಳು. ಅರ್ಧ ಇಂಗ್ಲಿಷು, ಅರ್ಧ ಪಟ್ಟಣದ ತೆಲುಗಿನಲ್ಲಿ ಮೂರು ಪದ ಹೇಳಿ, ಬೇರೆ ಏನೇನೋ ಕೇಳಿ, ತಿರುಗಿ ಆ ಪದ ಹೇಳು ಅಂದಳು. ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. "ಕನ್ನಡದಾಗ ಕೇಳ್ರಿ" ಅಂದೆ. ಯಾವ ಭಾಷೆಯಾದರೂ ಒಂದೇ ಅಂದಳು ಆಕೆ. ಒಂದೇ ಹೇಗಾದೀತು? ಅಕ್ಕನಿಗೆ ತೆಲುಗು ಬರುತ್ತದೆ, ಆದರೆ ಅದು ಮದುವೆಯಾದ ಮೇಲೆ ಬಂದದ್ದು, ಸಂತೆಯಲ್ಲಿ ಕಲಿತದ್ದು. ಪೆಟ್ಟು ತಿಂದ ತಲೆ ಮೊದಲು ಆಸರೆಗೆ ಹುಡುಕುವುದು ಅವ್ವನ ಭಾಷೆಯನ್ನು. ನಾನು ಹಟ ಹಿಡಿದು "ಉಪ್ಪು, ಕುರಿ, ಬಾಗಿಲ" ಅಂತ ಹೇಳಿದೆ. ಅದೂ ಇದೂ ಮಾತಾಡಿಸಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ. ಅಕ್ಕ ಹಣೆ ಉಜ್ಜಿಕೊಂಡಳು. "ಕುರಿ" ಅಂದಳು.

ನನಗೆ ಕೂತಲ್ಲಿಂದ ಏಳುವಷ್ಟು ಸಂತೋಷವಾಯಿತು. ಆ ಹುಡುಗಿ ನನ್ನತ್ತ ನೋಡಲೂ ಇಲ್ಲ, ನಮ್ಮ ಪದಗಳು ಪರೀಕ್ಷೆಯವಲ್ಲ ಅಂದಳು. ಪರೀಕ್ಷೆಯಲ್ಲಿ ಅಕ್ಕನಿಗೆ ಸೊನ್ನೆ.

ಅದಕ್ಕಿಂತ ದೊಡ್ಡ ಸಿಟ್ಟು ಆಮೇಲೆ ಬಂತು. ಅಕ್ಕನ ಮಗಳ ನಿಶ್ಚಯ ನಡೆಯಿತು. ನಾನು ಜರಿ ಸೀರೆ ಉಟ್ಟು ತಾಂಡೂರಿಗೆ ಹೋದರೆ ಹಜಾರದ ತುಂಬ ಜನ, ಹೂವು, ಹಣ್ಣು, ತಟ್ಟೆ. ಅಕ್ಕ ಕಾಣಲಿಲ್ಲ. ಹಿತ್ತಲ ಖೋಲಿಗೆ ಹೋದೆ. ಹಳೆಯ ಸೀರೆಯಲ್ಲಿ ಮಂಚದ ಮೇಲೆ ಕೂತಿದ್ದಳು, ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. "ಏನು ಗದ್ದಲ ಅದು ಹೊರಗ?" ಅಂದಳು.

"ಭಾವ, ಹೆತ್ತಾಕಿನ್ನ ಒಳಗ ಕೂಡಿಸಿ ಮಗಳಿಗಿ ಉಡಿ ತುಂಬಿಸ್ಲಕತ್ತೀರಲ್ಲ, ನಿಮಗ ಹೆಂಗ ಮನಸ್ಸ ಬಂತು?" ಅಂತ ಬೀಗರೆದುರಿಗೇ ಕೇಳಿದೆ.

"ನಾಳಿಗಿ ಆಕಿಗಿ ನೆಪ್ಪೇ ಇರಂಗಿಲ್ಲಲ್ಲವ್ವ" ಅಂದರು ಭಾವ. ದನಿಯಲ್ಲಿ ಕೇಡಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಮರುದಿನ ಅಕ್ಕನನ್ನು ಕರೆದುಕೊಂಡು ರೈಲು ಹತ್ತಿದೆ. ಯಾರೂ ತಡೆಯಲಿಲ್ಲ. ತಡೆದಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲವೇನೋ. ಧಾರೂರು ದಾಟುವಾಗ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು, "ಅವ್ವ ಎಲ್ಲಿ ಹೋಗ್ಯಾಳ?"

ನಾನು ಆಕೆಯ ಕೈ ಹಿಡಿದುಕೊಂಡೆ. "ಅಕ್ಕಾ, ಅವ್ವ ಇಲ್ಲ. ನೀ ದವಾಖಾನ್ಯಾಗ ಇದ್ದಾಗ ತೀರಿಕೊಂಡಳು. ಹೊಲದಾಗ ಮಣ್ಣ ಮಾಡ್ಯಾರ."

ಆಕೆ ಅತ್ತ ಅಳುವಿಗೆ ಡಬ್ಬಿಯ ಜನ ಎದ್ದು ನಿಂತರು. ಒಬ್ಬಾಕೆ ನೀರು ಕೊಟ್ಟಳು. ವಿಕಾರಾಬಾದಿನಲ್ಲಿ ಇಳಿದು ಜಹೀರಾಬಾದಿನ ರೈಲಿಗೆ ಕಾಯುವಾಗ ಅಕ್ಕ ಕೆಂಪಗಾದ ಕಣ್ಣಿನಿಂದ, ಯಾಕೆ ಅತ್ತೆನೆಂಬುದೇ ತಿಳಿಯದೆ ಮುಖ ಒರೆಸಿಕೊಳ್ಳುತ್ತ ಕೂತಿದ್ದಳು. ರೈಲು ಬರುವ ಮೊದಲೇ ಕೇಳಿದಳು, "ಅವ್ವಗ ಹೇಳಿ ಬಂದೀ ಇಲ್ಲೋ?"

ಅಣ್ಣನಿಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಕೂಗಾಡಿದ. "ದಿನಾ ಅವ್ವನ್ನ ಕೊಲ್ಲತೀಯೇನು ನೀ? ಒಂದ್ಸಲ ಸತ್ತಿದ್ದು ಸಾಕಾಗಿಲ್ಲ?"

ಆ ಮಾತು ಒಳಗೆ ನಾಟಿತು. ಅವನು ಹೇಳಿದ್ದರಲ್ಲಿ ಸತ್ಯವೂ ಇತ್ತು. ಪ್ರತಿ ಸಲವೂ ಅಕ್ಕನಿಗೆ ಅದು ಮೊದಲ ಸಲದ ಸಾವು. ಎರಡು ದಿನ ನಾನೂ ಮಾತು ಮರೆಸಿ ನೋಡಿದೆ. ಅವ್ವ ಎಲ್ಲಿ ಎಂದರೆ ಚಹಾ ಬೇಕೇನು ಎಂದೆ. ಅಕ್ಕ ಪೆದ್ದಿಯಲ್ಲ. ಮರೆಯುವುದು ಬೇರೆ, ತಿಳಿಯದಿರುವುದು ಬೇರೆ. ನನ್ನ ಮುಖವನ್ನೇ ನೋಡಿ, "ಏನೋ ಮುಚ್ಚಿಡ್ಲಕತ್ತೀ" ಎಂದಳು. ಆ ಸಂಶಯ ಆಕೆಯನ್ನು ಸಂಜೆಯ ತನಕ ಮನೆಯೊಳಗೆ ಅತ್ತಿಂದಿತ್ತ ಓಡಾಡಿಸಿತು. ಯಾಕೆ ಓಡಾಡುತ್ತಿದ್ದೇನೆ ಎಂಬುದು ಮರೆತ ಮೇಲೂ ಕಾಲು ನಿಲ್ಲಲಿಲ್ಲ. ಸುಳ್ಳು ಸಹ ಒಂದು ಗಾಯವೇ, ಅದನ್ನು ಮಾಡಿದವರಿಗೆ ಮಾತ್ರ ಕಾಣುವುದಿಲ್ಲ. ಅವತ್ತಿನಿಂದ ಕೇಳಿದಾಗೆಲ್ಲ ನಿಜ ಹೇಳಿದೆ. ಹೇಳಿ ಎದ್ದು ಹೋಗದೆ, ಅಳು ಮುಗಿಯುವ ತನಕ ಪಕ್ಕದಲ್ಲಿ ಕೂತು ಅವ್ವನ ಮಾತು ತೆಗೆದೆ.

ಬೀದರಿನಲ್ಲಿ ನರರೋಗದ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಯಾರೋ ಹೇಳಿದರು. ಕರೆದುಕೊಂಡು ಹೋದೆ. ನಮ್ಮದೇ ಕಡೆಯ ಮಾತಾಡುವ ಹೆಂಗಸು. ಅಕ್ಕನನ್ನು ಮೊದಲು ಮಾತಾಡಿಸಿದರು, ಆಮೇಲೆ ನನ್ನನ್ನು. ಸತ್ತ ಕೋಶ ಮತ್ತೆ ಹುಟ್ಟುವುದೇ ಇಲ್ಲವೇ ಎಂದು ಕೇಳಿದೆ. ನಾನು ಓದಿದ ಪುಸ್ತಕದಲ್ಲೂ, ಕಲಿಸುವ ಪುಸ್ತಕದಲ್ಲೂ ಇದ್ದದ್ದು ಅದೇ. ಚರ್ಮ ತರಚಿದರೆ ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ನರಕೋಶ ಹೋದರೆ ಹೋಯಿತು.

"ನೋಡ್ರೀ, ಸತ್ತಿದ್ದು ತಿರುಗಿ ಬರಂಗಿಲ್ಲ. ಆದ್ರ ಹೊಸಾವು ಹುಟ್ಟತಾವೋ ಇಲ್ಲೋ ಅನ್ನೋದು ಬ್ಯಾರೇ ಮಾತು" ಅಂದರು. ತಮ್ಮ ಕಿವಿಯ ಮೇಲೆ ಬೆರಳಿಟ್ಟು, ಇದರ ಒಳಗೆ ಆಳದಲ್ಲಿ ಕಡಲ ಕುದುರೆಯ ಆಕಾರದ ಒಂದು ಭಾಗವಿದೆ, ಹಿಪೊಕ್ಯಾಂಪಸ್ ಅಂತ, ಹೊಸ ನೆನಪು ನಿಲ್ಲಬೇಕಾದರೆ ಮೊದಲು ಅದರ ಮೂಲಕ ಹಾಯಬೇಕು, ಸೋಂಕು ಹೆಚ್ಚಾಗಿ ತಿಂದದ್ದು ಅದನ್ನೇ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಸ್ವಲ್ಪ ಉಳಿದಿದೆ ಎಂದರು. "ಇಲಿಯೊಳಗ ಆ ಜಾಗದಾಗ ದೊಡ್ಡಾವಾದ ಮ್ಯಾಲೂ ಹೊಸ ಕೋಶ ಹುಟ್ಟತಾವ, ಅದು ಖರೇ. ನಿನ್ನಿಂದು ಬ್ಯಾರೆ, ಇವತ್ತಿಂದು ಬ್ಯಾರೆ ಅಂತ ಬಿಡಿಸಿ ಇಡಾಕ ಅವು ಬೇಕಾಗತಾವ ಅಂತಾರ. ಮನುಷ್ಯಾರೊಳಗೂ ಹುಟ್ಟತಾವ ಅಂತ ಕೆಲವರು, ಸಣ್ಣವರಿದ್ದಾಗೇ ಮುಗೀತು ಅಂತ ಕೆಲವರು. ಇನ್ನಾ ಜಗಳ ಹರಿದಿಲ್ಲ. ನಿಮ್ಮಕ್ಕಗ ಹುಟ್ಟತಾವ ಅಂತ ಹೇಳಿದ್ರ ನಾ ಸುಳ್ಳಗಾರ್ತಿ. ಹುಟ್ಟೋದೇ ಇಲ್ಲ ಅಂದ್ರೂ ಸುಳ್ಳಗಾರ್ತೀನೇ."

"ಹಂಗಾದ್ರ ನಾ ಏನ್ ಮಾಡ್ಲಿ?"

"ಓಡಾಡೋ ಇಲಿಗಿ ಕೋಶ ಜಾಸ್ತಿ, ಗೂಡಿನ್ಯಾಗ ಸುಮ್ನ ಕುಂತ ಇಲಿಗಿ ಕಮ್ಮಿ. ಹೊಸ ಕೋಶ ಹುಟ್ಟಲಿ ಬಿಡಲಿ, ಉಳಿದ ಕೋಶಕ್ಕಾದ್ರೂ ಕೆಲಸ ಸಿಗಲಿ. ನಡಸ್ರಿ ಈಕಿನ್ನ. ಕೂಡಿಸಿ ಇಡಬ್ಯಾಡ್ರಿ."

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ಆ ಇಲಿಯದೇ ಯೋಚನೆ. ಪ್ರಯೋಗಶಾಲೆಯ ಇಲಿಗೆ ಓಡಲಿಕ್ಕೆ ಒಂದು ಗಾಲಿಯಾದರೂ ಇಡುತ್ತಾರೆ. ನಮ್ಮಕ್ಕನಿಗೆ ಅದೂ ಸಿಕ್ಕಿರಲಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ನಡೆಯಲು ಶುರು ಮಾಡಿದೆವು. ಮನೆಯಿಂದ ಪಸ್ತಾಪುರದ ಕಡೆಗೆ. ದಾರಿಯಲ್ಲಿ ಜೋಳ, ಸಜ್ಜೆ, ನವಣೆ ಬೆಳೆದ ಹೊಲ. ಅಲ್ಲಿ ಬೀಜ ಕೇರುವ ಹೆಂಗಸರ ಗುಂಪೊಂದು ನಮಗೆ ಪರಿಚಯವಾಯಿತು. ಅಕ್ಕ ದಿನಾ ಅವರಿಗೆ ಹೊಸಬಳಂತೆ "ಯಾವ ಊರ್ರೀ ನಿಮ್ದು?" ಎಂದು ಕೇಳುತ್ತಿದ್ದಳು. ಅವರು ದಿನಾ ಹೊಸದಾಗಿ ಹೇಳುತ್ತಿದ್ದರು, ಮೊರ ಕೊಟ್ಟು ಕೂರಿಸಿಕೊಳ್ಳುತ್ತಿದ್ದರು. ಅಡುಗೆಮನೆಯನ್ನು ಅಕ್ಕನಿಗೇ ಬಿಟ್ಟೆ, ನಾನು ಬಾಗಿಲಲ್ಲಿ ನಿಂತೆ ಅಷ್ಟೆ. ಕೈಗೆ ಏನೂ ಮರೆತಿರಲಿಲ್ಲ. ಬಡಿದ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಬರುತ್ತಿತ್ತು. ನಾನು ಶಾಲೆಯಲ್ಲಿರುವಷ್ಟು ಹೊತ್ತು ಪಕ್ಕದ ಮನೆಯ ಹಿರಿಯಾಕೆ ಬಂದು ಕೂರುತ್ತಿದ್ದರು.

ಇದರ ನಡುವೆ ತಾಂಡೂರಿನ ಸಂಬಂಧಿಕರೊಬ್ಬರು ಮಿದುಳು ಬೆಳೆಸುವ ಪುಡಿ ಎಂದು ಡಬ್ಬಿ ಕಳಿಸಿದರು, ಹಾಲಿನಲ್ಲಿ ಕೊಟ್ಟರೆ ಹೊಸ ಕೋಶ ಗ್ಯಾರಂಟಿಯಂತೆ! ನಿನ್ನೆಯ ತನಕ ಏನೂ ಹುಟ್ಟುವುದಿಲ್ಲ ಎಂದು ಖೋಲಿಯಲ್ಲಿ ಕೂರಿಸಿದವರು, ಇವತ್ತು ಚಮಚದಲ್ಲಿ ಬೆಳೆಸುತ್ತಾರೆ. ಎರಡಕ್ಕೂ ಎದ್ದು ನಡೆಯುವ ಕಷ್ಟವಿಲ್ಲ. ಡಬ್ಬಿಯನ್ನು ಕಸದ ಗಾಡಿಗೆ ಹಾಕಿದೆ.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನನಗೇ ನಾಚಿಕೆಯಾಗುವಷ್ಟು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ತಿರುಗಿ ಬರುವಾಗ, ನಾನು ಮಾತಿನ ಗುಂಗಿನಲ್ಲಿ ನಮ್ಮ ಓಣಿ ದಾಟಿ ಮುಂದೆ ಹೋಗುತ್ತಿದ್ದೆ. ಅಕ್ಕ ನನ್ನ ಸೆರಗು ಜಗ್ಗಿದಳು. "ಎಲ್ಲಿ ಹೊಂಟೀ? ಮನಿ ಈ ಕಡಿ ಅದ." ಆ ಮನೆಯನ್ನು ನಾವು ಕಟ್ಟಿಸಿದ್ದು ಆಕೆಗೆ ಜ್ವರ ಬಂದ ಮೇಲೆ. ಆಕೆ ಅದನ್ನು ಹಳೆಯ ನೆನಪಿನಿಂದ ತೆಗೆದಿರಲು ಸಾಧ್ಯವೇ ಇರಲಿಲ್ಲ. ನಾನು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ. "ಯಾಕ ಅಳ್ತೀ, ಹುಚ್ಚೀ?" ಅಂದಳು.

ಹೊಸ ಕೋಶವೋ, ಅಳಿದುಳಿದ ಹಳೆಯ ಕೋಶ ಹೊಸ ದಾರಿ ಹಿಡಿದದ್ದೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದರು. ಗೊತ್ತಿಲ್ಲ ಎನ್ನಲು ಅವರಿಗೆ ಕಷ್ಟವಾಗಲಿಲ್ಲ.

ರಜೆ ಸಿಕ್ಕಾಗ ನಾರಾಯಣಖೇಡದ ಬಸ್ಸು ಹತ್ತಿ ಹೊಲಕ್ಕೆ ಹೋಗುತ್ತಿದ್ದೆವು. ಅವ್ವನ ಸಮಾಧಿಗೆ ಅಕ್ಕ ತನ್ನ ಕೈಯಿಂದ ವಿಭೂತಿ ಹಚ್ಚುತ್ತಿದ್ದಳು, ಬೇವಿನ ಎಲೆ ಗುಡಿಸುತ್ತಿದ್ದಳು. ಮೊದಮೊದಲು ಪ್ರತಿ ಸಲ ಎದೆ ಬಡಿದುಕೊಂಡು ಅತ್ತಳು. ಆಮೇಲಾಮೇಲೆ ಅಳು ಸಣ್ಣದಾಯಿತು. ಒಮ್ಮೆ ಬಸ್ಸಿಳಿದು ನಾನು ಹೇಳುವ ಮೊದಲೇ ಹೊಲದ ದಾರಿ ಹಿಡಿದು ಸುಮ್ಮನೆ ನಡೆದಳು. ಅಣ್ಣ ದೂರದಲ್ಲಿ ಎತ್ತುಗಳ ಹತ್ತಿರ ನಿಂತು ನೋಡುತ್ತಿದ್ದ. ಹತ್ತಿರ ಬರಲಿಲ್ಲ.

ಮಗಳ ಮದುವೆಯ ಮಾತಾಡಲು ಭಾವ ಜಹೀರಾಬಾದಿಗೆ ಬಂದರು. ಅಕ್ಕ ಅಡುಗೆಮನೆಯಿಂದ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಿದಳು. ಗಂಡನನ್ನು ಬಹಳ ದಿನದ ಮೇಲೆ ಕಂಡ ಸಂತೋಷ ಮುಖದಲ್ಲಿತ್ತು. ಭಾವ ಉಣ್ಣುತ್ತ, ಆಕೆ ಕೇಳುವ ಮೊದಲೇ, ರೂಢಿಯ ಬಲದಿಂದ ಅಂದರು, "ಅತ್ತಿಯವರು ಝರಾಸಂಗಮಕ್ಕ ಹೋಗ್ಯಾರ. ಮದುವಿ ಹೊತ್ತಿಗಿ ಬರ್ತಾರ, ನೀ ಫಿಕರ್ ಮಾಡಬ್ಯಾಡ."

ಅಕ್ಕ ಪಲ್ಯದ ಸೌಟು ಹಿಡಿದು ನಿಂತಳು.

"ಯಾಕ್ರೀ ಸುಳ್ಳ ಹೇಳ್ತೀರಿ?" ಅಂದಳು. "ಅವ್ವ ಸತ್ತಾಳ. ಹೊಲದಾಗ ಬೇವಿನ ಗಿಡದ ಬುಡಕ ಮಣ್ಣ ಮಾಡ್ಯಾರ. ನಾ ಇಬತ್ತಿ ಹಚ್ಚಿ ಬಂದೀನಿ."

ಭಾವನವರ ಕೈಯ ತುತ್ತು ಹಾಗೇ ನಿಂತಿತು. ಅವತ್ತು ನಾನು ಏನೂ ಹೇಳಿಕೊಟ್ಟಿರಲಿಲ್ಲ, ಆ ವಾರವೆಲ್ಲ ಅವ್ವನ ಮಾತೇ ಬಂದಿರಲಿಲ್ಲ.

"ನಿನಗ... ಯಾರು ಹೇಳಿದರು?"

"ಯಾರು ಹೇಳಿದರಂತ ನೆಪ್ಪಿಲ್ಲ. ಸತ್ತಾಳ ಅನ್ನೋದು ನೆಪ್ಪದ." ಅಕ್ಕನ ದನಿ ಏರಿತು. ಓಣಿಗೆ ಕೇಳಿಸುವ ಆ ಹಳೆಯ ದನಿ. ನೂರು ಸಲ ಕೇಳಿದ ಆ ಸುಳ್ಳೂ ಎಲ್ಲೋ ಒಳಗೆ ಉಳಿದಿತ್ತು. "ಎಲ್ಲಾರೂ ಝರಾಸಂಗಮ, ಝರಾಸಂಗಮ ಅಂದ್ರಿ. ನನ್ನ ಅವ್ವಗ ನಾ ಅಳಬಾರ್ದೇನು? ನನ್ನ ತೆಲಿ ಕೆಟ್ಟಿತ್ತು, ಸೈ. ನಿಮ್ಮ ಬಾಯಿ ಯಾಕ ಕೆಟ್ಟಿತ್ತು?"

ಇಷ್ಟು ದಿನ ನಾನು ಎಲ್ಲರ ಮೇಲೂ ಸಿಟ್ಟಾಗಿದ್ದೆ, ಆದರೆ ಅದು ಎರವಲು ಸಿಟ್ಟು. ಅದರ ಒಡತಿ ಈಗ ಸೌಟು ಹಿಡಿದು ಎದುರಿಗೆ ನಿಂತಿದ್ದಳು. ಭಾವ ತಟ್ಟೆ ಸರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನೀ ಅಳೋದು ನೋಡಾಕ ಆಗ್ತಿರ್ಲಿಲ್ಲ ನನಗ" ಅಂದರು. ಅದು ನಿಜವೇ ಇರಬಹುದು. ಆದರೆ ನೋಡಲಾಗದವರು ಕಣ್ಣು ಮುಚ್ಚಿಕೊಳ್ಳಬೇಕಿತ್ತು, ಆಕೆಯ ಬಾಗಿಲನ್ನಲ್ಲ. ಹಾಗಂತ ಹೇಳಿಯೂ ಹೇಳಿದೆ.

ಅವತ್ತೇ ಕೂತು ಮದುವೆಯ ಮಾತು ಅಕ್ಕನ ಮುಂದೆಯೇ ಆಡಿದೆವು. ಭಾವ ಒಂದೊಂದನ್ನೂ ಆಕೆಗೆ ಹೇಳಿದರು, ಆಕೆ ಮತ್ತೆ ಕೇಳಿದರೆ ಮತ್ತೆ ಹೇಳಿದರು. ಮರುದಿನ ಅಕ್ಕನಿಗೆ ಭಾವ ಬಂದದ್ದು ನೆನಪಿರಲಿಲ್ಲ, ಅಷ್ಟೊಂದು ಸಿಟ್ಟಾದದ್ದೂ ನೆನಪಿರಲಿಲ್ಲ. ಅವ್ವ ಇಲ್ಲ ಎನ್ನುವುದು ಮಾತ್ರ ಹೋಗಲಿಲ್ಲ.

"ಇಷ್ಟೆಲ್ಲ ಮಾಡಿ ಆಕಿ ತೆಲಿಯೊಳಗ ಮೊದಲಿಗಿ ಸಾವನ್ನೇ ನಾಟಿದಿಯಲ್ಲ" ಅಂದ ಅಣ್ಣ, ಸುದ್ದಿ ಕೇಳಿ. ಸತ್ತ ತಾಯಿಗಾಗಿ ಅಳುವುದು ಮಗಳ ಹಕ್ಕು ಎಂದು ವಿವರಿಸಿ ಹೇಳಬೇಕಾದವರ ಜೊತೆ ಏನು ಮಾತು?

ಮದುವೆ ತಾಂಡೂರಿನಲ್ಲೇ ಆಯಿತು. ಅಕ್ಕ ಹಸಿರು ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು, ಮಗಳ ತಲೆಗೆ ಅಕ್ಷತೆ ಹಾಕಿದಳು. ವರನನ್ನು ತೋರಿಸಿ "ಈ ಹುಡುಗ ಯಾರ ಪೈಕಿ?" ಎಂದು ಮತ್ತೆ ಮತ್ತೆ ಕೇಳಿದಳು. ಹಿಂದಿನಿಂದ ಒಬ್ಬಿಬ್ಬರು ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಿದ ನೋಟಕ್ಕೆ ನಗು ನಿಂತಿತು. ಮಗಳು ಮಾತ್ರ ಪ್ರತಿ ಸಲ ಬಗ್ಗಿ, "ನಿನ್ನ ಅಳಿಯ ಅವ್ವಾ" ಎಂದು ಹೇಳಿದಳು.

ಈಗ ಅಕ್ಕ ತಾಂಡೂರಿನಲ್ಲೇ ಇದ್ದಾಳೆ. ಹಿತ್ತಲ ಖೋಲಿಯಲ್ಲಿ ತೊಗರಿ ಚೀಲ ಇಟ್ಟಿದ್ದಾರೆ. ಬೆಳಿಗ್ಗೆ ಭಾವ ಆಕೆಯ ಜೊತೆ ನಡೆಯುತ್ತಾರೆ. ಒಮ್ಮೊಮ್ಮೆ ತಪ್ಪಿಸುತ್ತಾರೆ, ಆಗ ಫೋನಿನಲ್ಲಿ ನನ್ನ ಬೈಗುಳ ತಿನ್ನುತ್ತಾರೆ. ಹೋದ ವಾರ ಅಕ್ಕನೇ ಫೋನು ಎತ್ತಿದಳು.

"ಮಗಳ ಮದುವಿ ಆಗ್ಯಾದ ನೋಡು, ಅದು ನನಗ ನೆಪ್ಪದ" ಅಂದಳು, ನಾನು ಏನೂ ಕೇಳದೆ ಇದ್ದರೂ. "ಅಳಿಯನ ಹೆಸರ ಮಾತ್ರ ಕೇಳಬ್ಯಾಡ."